ಅವರವರ ಭರಣಿ

"ಕೈ ತೆಗಿ!"

ಪಕೀರಮ್ಮ ಕೂಗಿದ ರಭಸಕ್ಕೆ ವೆಂಕಮ್ಮನ ಕುಂಕುಮದ ಬೆರಳು ರಾಮಲಕ್ಷ್ಮಿಯ ಹಣೆಯಿಂದ ಗೇಣು ದೂರದಲ್ಲೇ ನಿಂತಿತು. ಶುಕ್ರವಾರದ ಅರಿಶಿನ-ಕುಂಕುಮಕ್ಕೆಂದು ಜಗಲಿಯಲ್ಲಿ ಸೇರಿದ್ದ ಓಣಿಯ ಮುತ್ತೈದೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನನ್ನ ಸೊಸಿ ಹಣಿ ಯಾರೂ ಮುಟ್ಟಬ್ಯಾಡ್ರಿ. ಆಕಿ ಕುಂಕುಮ ಆಕೀನೇ ಹಚ್ಚಿಕೊಂತಾಳ."

"ಏಮೇ ಪಕೀರಮ್ಮ, ಹುಚ್ಚು ಗಿಚ್ಚು ಹಿಡದೈತೇನು? ನನ್ನ ಕೈಗೆ ಏನು ಕುಷ್ಠ ಬಂದೈತಾ?"

"ನಿನ್ನ ಕೈ ಮುಂಜಾನಿಂದ ಎಷ್ಟು ಮಂದಿ ಹಣಿ ಸವರೈತಿ ಹೇಳು. ಅವರ ಬೆವರು ನಿನ್ನ ಬಟ್ಟಲಾಗ, ಬಟ್ಟಲಾಗಿಂದು ನನ್ನ ಸೊಸಿ ಮುಖಕ್ಕ. ಊರಾಗ ಜ್ವರ ಐತಿ. ಆಕಿ ಬಸುರಿ ಅದಾಳ."

ಐವತ್ತೇಳರ ಮುಂಗಾರಿನ ಹೊತ್ತಿಗೆ ಫ್ಲೂ ಜ್ವರ ಮದರಾಸಿನಿಂದ ರೈಲು ಹತ್ತಿ ಆದೋನಿಗೆ ಬಂದಿತ್ತು. ಅಲ್ಲಿಂದ ಸಂತೆ ಗಾಡಿಗಳಲ್ಲಿ ಕುಳಿತು ಆಸ್ಪರಿ ಕಡೆಯ ಹಳ್ಳಿಗಳಿಗೂ ಬಂತು. ಕಡೆಗೆ ಗಾಡಿ ಕಟ್ಟುವುದನ್ನೇ ಜನ ನಿಲ್ಲಿಸಿದರು. ಪಕೀರಮ್ಮನ ಒಬ್ಬನೇ ಮಗ ಚಿನ್ನಪ್ಪ ಆದೋನಿಯಲ್ಲಿ ಹತ್ತಿ ಪ್ರೆಸ್ಸಿನ ಕೂಲಿ. ಅವನು ದವಾಖಾನೆ ಸೇರಿದನೆಂದು ಕೇಳಿ ನಡೆದೇ ಹೋದ ತಾಯಿ, ಸೋಮವಾರ ಸಂಜೆ ನಡೆದೇ ಬಂದಳು. ನೇರ ಮನೆಗೆ ಬರಲಿಲ್ಲ. ಊರ ಹೊರಗಿನ ಬಾವಿಯಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಹೊಸ್ತಿಲು ದಾಟಿದಳು. ಕೇಳಿದವರಿಗೆ, "ದವಾಖಾನ್ಯಾಗಿಂದ ಬಂದೀನಿ. ಮೈ ತೊಳಕೊಳ್ಳದ ಬಸುರಿ ಹತ್ರ ಹೋಗಲೇನು?" ಎಂದಿದ್ದಳು.

ಮರುದಿನ ಅವಳು ಗೂಡಿನಲ್ಲಿದ್ದ ಹಳೆಯ ಕುಂಕುಮವನ್ನೆಲ್ಲ ತುಳಸಿಯ ಬುಡಕ್ಕೆ ಸುರಿದಳು. ಭರಣಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬಿಸಿಲಿಗಿಟ್ಟಳು. ಮುಖ ಒರೆಸುವ ಬಟ್ಟೆಯನ್ನು ಕುದಿಸಿದಳು. ಸೊಸೆಗೆ ಬೇರೆ ಕಾಡಿಗೆ, ಬೇರೆ ಅರಿಶಿನದ ಕಲ್ಲು. ಸಾಬೂನು ಹಚ್ಚಿ ಕೈ ತೊಳೆಯದೆ ಮುಖ ಮುಟ್ಟುವಂತಿಲ್ಲ.

"ಚಿನ್ನಪ್ಪ ಹ್ಯಾಂಗದಾನ?" ವೆಂಕಮ್ಮ ಕುಂಕುಮದ ಬಟ್ಟಲು ಮುಚ್ಚುತ್ತ ಕೇಳಿದಳು.

"ಮೈ ತಣ್ಣಗಾಗೈತಿ."

"ಮತ್ತ ಸೊಸಿ ಕಣ್ಣು ಯಾಕ ಕೆಂಡ ಆಗ್ಯಾವು?"

"ಮಂದಿ ಕಾಡಿಗಿ ಹಚ್ಚಿಕೊಂಡಿದ್ಲು. ಅದಕ್ಕ ಬಡಕೊಂತೀನಿ, ಅವರವರ ಭರಣಿ ಅವರವರ ಹತ್ರ ಇರಲಿ ಅಂತ."

ರಾಮಲಕ್ಷ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಬೀದಿಗಿಳಿದ ಮೇಲೆ ವೆಂಕಮ್ಮ ದನಿ ತಗ್ಗಿಸಲಿಲ್ಲ. "ತನ್ನ ಹಣಿ ಬರಿದಾತಲ್ಲ, ಸೊಸಿ ಹಣಿ ಮ್ಯಾಲೆ ಕುಂಕುಮ ಕಂಡ್ರ ರಂಡಿಗೆ ಉರಿ. ಆ ಹುಡುಗೀನ ಅಳಿಸಿ ಅಳಿಸಿ ಕೊಲ್ಲಾಕ ಹತ್ಯಾಳ."

ಊರಲ್ಲಿ ಮದುವೆಯಾಗಲಿ, ತೊಟ್ಟಿಲಾಗಲಿ, ಸಾವಾಗಲಿ, ಮೊದಲು ಮುಂದಾಗುವುದು ವೆಂಕಮ್ಮನ ಕೈ. ಗಂಡ ಸತ್ತ ದಿನ ಪಕೀರಮ್ಮನ ಹಣೆಗೂ ಆ ಕೈಯ ಪರಿಚಯವಾಗಿತ್ತು.

ಶನಿವಾರ ಹಣಮಪ್ಪನ ಗುಡಿಯ ಮುಂದೆ ಹೆಂಗಸರು ಸೇರಿದಾಗ ಜ್ವರ ಇನ್ನೆರಡು ಮನೆ ಹೊಕ್ಕಿತ್ತು. ಬಸವಕ್ಕನ ಇಬ್ಬರು ಮಕ್ಕಳು ಮಲಗಿದ್ದರು. ವೆಂಕಮ್ಮನ ಮೊಮ್ಮಗಳೂ ರಾತ್ರಿಯೆಲ್ಲ ಕೆಮ್ಮಿದ್ದಳು. ಪಕೀರಮ್ಮ ಸೊಸೆಯನ್ನು ಕರೆದುಕೊಂಡು ಬಂದು ಮೆಟ್ಟಿಲ ಕೆಳಗೆ ನಿಂತಳು.

"ನಾ ಹೇಳಿದ್ದು ಸುಳ್ಳಾತೇನು? ಇವತ್ತೇ ಎಲ್ಲಾರೂ ಆಣಿ ಮಾಡ್ರಿ. ಒಬ್ಬಾಕಿ ಹಣಿ ಇನ್ನೊಬ್ಬಾಕಿ ಮುಟ್ಟಬಾರದು."

ಬಸವಕ್ಕ ತಕ್ಷಣ ತಲೆಯಾಡಿಸಿದಳು. "ನಾ ಮಾಡ್ತೀನಿ. ನನ್ನ ಮಕ್ಕಳು ಉಳದ್ರ ಸಾಕು."

"ಮುಟ್ಟದಿದ್ರ ಮುತ್ತೈದಿತನ ಹ್ಯಾಂಗ ನಡೀತೈತಿ?" ವೆಂಕಮ್ಮ ಮೂಗು ಮುರಿದಳು.

"ನಿನ್ನ ಕೈಲಿ ಆಗಂಗಿಲ್ಲ ಬಿಡು ವೆಂಕಮ್ಮ. ಊರ ಮಂದಿ ಹಣಿ ಮುಟ್ಟದಿದ್ರ ನಿನಗ ಉಂಡದ್ದು ಅರಗಂಗಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ವೆಂಕಮ್ಮನ ಕತ್ತು ಕೆಂಪಾಯಿತು.

"ನನಗ ಆಗಂಗಿಲ್ಲಾ? ಎಲ್ಲಾರಿಗಿಂತ ಮೊದಲ ನಾನಽ ಮಾಡ್ತೀನಿ. ಏನಂತ ಮಾಡಬೇಕು, ಹೇಳು."

"ಯಾವ ಹೆಣ್ಣಿನ ಹಣೀನೂ ಆಕಿ ಒಪ್ಪಿಗಿ ಇಲ್ಲದ ಮುಟ್ಟಂಗಿಲ್ಲ. ಉರುಕುಂದ ಈರಣ್ಣನ ಆಣಿ."

ಈರಣ್ಣನ ಹೆಸರಿನಲ್ಲಿ ಆಡಿದ ಮಾತನ್ನು ಮುರಿಯುವ ಎದೆ ಆ ಸೀಮೆಯಲ್ಲಿ ಯಾರಿಗೂ ಇರಲಿಲ್ಲ.

"ಜ್ವರ ಹೋಗೋತನಕ ಅಲ್ಲೇನು?" ವೆಂಕಮ್ಮ ಸ್ವಲ್ಪ ಹಿಂಜರಿದಳು.

"ಈ ಜ್ವರ ಹೋದ್ರ ಇನ್ನೊಂದು ಬರತೈತಿ. ಆಣಿಗೆ ಎಲ್ಲೀ ಗಡುವು? ಅಂಜಿಕಿ ಆದ್ರ ಮನೀಗೆ ಹೋಗು."

ವೆಂಕಮ್ಮ ದಡದಡ ಮೆಟ್ಟಿಲು ಹತ್ತಿದಳು. ಗುಡಿಯ ದೀಪ ಮುಟ್ಟಿ, ಎಲ್ಲರಿಗೂ ಕೇಳುವಂತೆ ಆ ಮಾತನ್ನೇ ಆಡಿದಳು. ಹಿಂದಿನಿಂದ ಬಸವಕ್ಕ ಹೋದಳು, ಅವಳ ಬೆನ್ನಿಗೆ ಉಳಿದವರೂ ಒಬ್ಬೊಬ್ಬರಾಗಿ ಹೋಗಿ ದೀಪ ಮುಟ್ಟಿ ಬಂದರು.

ಕಡೆಯವಳು ಇಳಿಯುವ ತನಕ ಪಕೀರಮ್ಮ ಕಾದಳು. ಆಮೇಲೆ ಸೊಸೆಯತ್ತ ತಿರುಗಿದಳು.

"ಹಚ್ಚಿಕೋ ನನ್ನವ್ವ."

ರಾಮಲಕ್ಷ್ಮಿ ಚೊಂಬಿನ ನೀರಲ್ಲಿ ಕೈ ತೊಳೆದಳು. ಮಡಿಲಿನಿಂದ ತನ್ನ ಭರಣಿ ತೆಗೆದಳು. ಹಣೆಯ ನಟ್ಟನಡುವೆ, ಕಾಸಿನಗಲ, ದುಂಡಗೆ ಕುಂಕುಮ ಮೂಡಿತು. ಬಿಸಿಲಿಗೆ ಅದು ಹೊಳೆಯಿತು. ಅವಳು ಸೆರಗು ಮುಂದೆಳೆದುಕೊಳ್ಳಲಿಲ್ಲ, ತಲೆಯೆತ್ತಿ ನಿಂತಳು.

ಪಕೀರಮ್ಮ ಅವಳ ಪಕ್ಕಕ್ಕೆ ಬಂದು ನಿಂತು, ವೆಂಕಮ್ಮನ ಕೈಯನ್ನೇ ನೋಡುತ್ತ ಹೇಳಿದಳು:

"ನನ್ನ ಮಗನ್ನ ಸೋಮವಾರ ಮುಂಜಾನೆ ಆದೋನ್ಯಾಗ ಮಣ್ಣು ಮಾಡಿ ಬಂದೀನಿ. ಈಗ ಬರ್ರಿ, ಈ ಕುಂಕುಮ ಅಳಸಾಕ ಯಾರ ಕೈ ಏಳತೈತೋ ನೋಡ್ತೀನಿ."