ಓರೆಯಾಗಿ ಬಂದ ಫೋಟೋ

ನೋಡಿ ಸ್ವಾಮಿ, ಮೊದಲೇ ಹೇಳಿಬಿಡುತ್ತೇನೆ. ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣ ತಂಗಿಯನ್ನು ಒಂದೇ ಕ್ಲಿಕ್ಕಿನಲ್ಲಿ ಒಂದು ಮಾಡಿದ ಗಂಡು ನಾನು. ಶಿಳ್ಳೆ ಹೊಡೆಯುವುದಿದ್ದರೆ ಈಗಲೇ ಹೊಡೆದುಬಿಡಿ, ಆಮೇಲೆ ಪುರುಸೊತ್ತು ಸಿಗುವುದಿಲ್ಲ.

ಅಣ್ಣ ಅಂದರೆ ನನ್ನ ಸೋದರಮಾವ, ಗಡಿಯಾರ ರಿಪೇರಿ ಮಾಡುವವರು. ತಂಗಿ ಅಂದರೆ ನನ್ನ ಚಿಕ್ಕಮ್ಮ, ಕಟ್ಟಡಗಳ ನಕ್ಷೆ ಬರೆಯುವವರು. ಜಗಳಕ್ಕೆ ಕಾರಣ, ಚಿಕ್ಕಮ್ಮನ ನಕ್ಷೆಯಂತೆ ಮಾವನ ಅಂಗಡಿಯ ಎದುರಿಗೇ ಎದ್ದ ಹೊಸ ಲೈಬ್ರರಿ. ನೆಟ್ಟಗಿನ ಗೋಡೆ ಅದರಲ್ಲಿ ಹುಡುಕಿದರೂ ಇಲ್ಲ. ಮೈತುಂಬ ಹೊಳೆಯುವ ಸ್ಟೀಲ್ ತಗಡು, ಜಾರುಬಂಡೆಯಂತೆ ನೆಲದಿಂದ ಮೇಲಕ್ಕೇರುವ ಗೋಡೆ, ಅದರ ಬುಡದಲ್ಲೊಂದು ನೀರಿನ ಕೊಳ. ಊರಿನ ಅರ್ಧ ಜನ ಅದನ್ನು ರೆಕ್ಕೆ ಎಂದರು, ಉಳಿದರ್ಧ ಲಾರಿಯಡಿ ಸಿಕ್ಕಿ ನುಜ್ಜಾದ ಡಬ್ಬ ಎಂದರು.

ಮಾವನ ತಕರಾರು ಬೇರೆ. ಹೊತ್ತು ಇಳಿಯುತ್ತಿದ್ದಂತೆ ಬಿಸಿಲು ಆ ತಗಡಿಗೆ ಬಡಿದು ನೇರ ಅವರ ಮೇಜಿಗೇ ಬೀಳುತ್ತಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಷ್ಟು ಸ್ಕ್ರೂ ತಿರುಗಿಸುವ ಮನುಷ್ಯ ಏನು ಮಾಡಬೇಕು? ತಂಗಿಗೆ ಫೋನ್ ಮಾಡಿದರು. ಕೆಲಸದ ಗಡಿಬಿಡಿಯಲ್ಲಿದ್ದ ಚಿಕ್ಕಮ್ಮ, ಪರದೆ ಹಾಕ್ಕೋ ಅಣ್ಣ, ಎಂದು ಫೋನಿಟ್ಟರಂತೆ. ಮಾವ ಮಾತಿಗೇ ಪರದೆ ಹಾಕಿಬಿಟ್ಟರು. ಅಷ್ಟೇ ಅಲ್ಲ, ಡಬ್ಬದ ಪಕ್ಷಕ್ಕೆ ನಾಯಕರಾಗಿ, ಲೈಬ್ರರಿ ಕೆಡವಿ ಎಂದು ಅರ್ಜಿಯನ್ನೂ ಹಾಕಿದರು. ಊರ ಸಭೆಯಲ್ಲಿ ತೀರ್ಮಾನವಾಗುವ ಹಿಂದಿನ ದಿನ ನನ್ನನ್ನು ಕರೆದರು. ಕಟ್ಟಡ ಊರ ಮೇಲೆ ಬೀಳುವ ಹಾಗೆ ಕಾಣಬೇಕು, ಅಂಥದ್ದೊಂದು ಫೋಟೋ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಡು ಎಂದರು.

ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಚಿಕ್ಕಮ್ಮನ ಫೋನ್.

"ಕೆಡವ್ಬೇಡಿ ಅಂತ ನಾನೇ ಹೇಳೋಕೆ ಹೋದ್ರೆ ಅಳು ಬರುತ್ತೆ ಕಣೋ. ಒಂದು ಫೋಟೋ ಮಾತಾಡ್ಲಿ. ಹಾರೋ ಹಾಗೆ ಕಾಣ್ಬೇಕು. ನಿಮ್ಮ ಮಾವನಿಗೆ ಹೇಳ್ಬೇಡ."

"ಈ ಎದೆಯೊಳಗೆ ಇಳಿದ ಗುಟ್ಟು ಹೆಣವಾದ್ರೂ ಹೊರಗೆ ಬರಲ್ಲ ಚಿಕ್ಕಮ್ಮ."

"ಡೈಲಾಗ್ ಬಿಡು, ಫೋಟೋ ತೆಗಿ."

ಗೆಳೆಯನ ಕ್ಯಾಮೆರಾ ನನ್ನ ಕೊರಳಿಗೆ ಬಂತು. ಇಳಿಬಿಸಿಲಿನಲ್ಲಿ ಹೀರೋ ಎಂಟ್ರಿ. ಬೇರೆಯವರಾಗಿದ್ದರೆ ಆ ಕಡೆಗೊಂದು ನೂರು, ಈ ಕಡೆಗೊಂದು ನೂರು ಫೋಟೋ ಹೊಡೆಯುತ್ತಿದ್ದರು. ನಾನು ತೆಗೆದದ್ದು ಒಂದೇ ಒಂದು. ಗುರಿ ಇರುವವನಿಗೆ ಬತ್ತಳಿಕೆ ಯಾಕೆ? ಅದನ್ನೇ ಎರಡು ಪ್ರಿಂಟ್ ಹಾಕಿಸಿ ಇಬ್ಬರಿಗೂ ಮುಟ್ಟಿಸಿದೆ. ಬೀಳ್ತಾನೇ ಇದೆ, ಭಲೇ ಎಂದು ಮಾವ ಬೆನ್ನು ತಟ್ಟಿದರು. ಹಾರ್ತಾ ಇದೆ ಕಣೋ ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡರು. ಅವತ್ತು ನಾನು ಗೆಳೆಯನ ಪ್ಯಾಂಟಿನಲ್ಲಿ ಯಾಕೆ ಓಡಾಡುತ್ತಿದ್ದೆ ಎನ್ನುವುದು ಈ ಕಥೆಗೆ ಸಂಬಂಧಪಟ್ಟ ವಿಷಯವಲ್ಲ.

ಸಭೆಯಲ್ಲಿ ಮಾವ ತಮ್ಮ ಫೋಟೋ ಗೋಡೆಗೆ ಅಂಟಿಸಿ, ನೋಡಿ ಹೇಗೆ ಬೀಳ್ತಿದೆ, ಎಂದರು. ಚಿಕ್ಕಮ್ಮ ತಲೆ ತಗ್ಗಿಸಿಕೊಂಡೇ ಬಂದು, ಪಕ್ಕದಲ್ಲಿ ತಮ್ಮ ಫೋಟೋದ ಸುರುಳಿ ಬಿಚ್ಚಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭೆಯೇ ನಕ್ಕಿತು. ಅಣ್ಣ ತಂಗಿ ಇಬ್ಬರೂ ತಿರುಗಿ ನನ್ನನ್ನು ನೋಡಿದರು. ನಾನು ಫ್ಯಾನು ನೋಡುತ್ತಿದ್ದೆ.

ಅಷ್ಟು ಹೊತ್ತಿಗೆ ಚಿಕ್ಕಮ್ಮನ ಬೆರಳು ಫೋಟೋದ ಮೂಲೆಗೆ ಹೋಗಿತ್ತು. ಇಬ್ಬರೂ ಕಟ್ಟಡ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಆ ಮೂಲೆಯಲ್ಲಿ ಗಡಿಯಾರದಂಗಡಿ, ಅದರ ಬಾಗಿಲಲ್ಲಿ ಹಣೆಗೆ ಕೈ ಅಡ್ಡ ಹಿಡಿದ ಮಾವ. ಬೆಳಕಿನ ಹೊಡೆತಕ್ಕೆ ಸುಣ್ಣ ಬಳಿದುಕೊಂಡವರ ಹಾಗೆ ಬೆಳ್ಳಗಾಗಿದ್ದರು.

"ಅಣ್ಣಾ, ದಿನಾ ಇಷ್ಟು ಬೀಳುತ್ತಾ?"

"ಇದು ಕಮ್ಮಿ," ಎಂದ ಮಾವ ತಂಗಿ ತಂದ ಫೋಟೋವನ್ನೇ ನೋಡುತ್ತಾ ನಿಂತರು. "ಅಂಗಡೀಲಿ ಕಣ್ಣು ಮುಚ್ಚಿಕೊಂಡೇ ಇರ್ತೀನಲ್ಲ ಪುಟ್ಟಿ, ಸರಿಯಾಗಿ ನೋಡೇ ಇರ್ಲಿಲ್ಲ. ಹಾರೋ ಹಾಗೇ ಇದೆ."

ನಿನ್ನ ಕಡೆಯ ತಗಡನ್ನು ಉಜ್ಜಿಸಿ ಮಂಕು ಮಾಡಿಸುತ್ತೇನೆ, ಪರದೆ ಅಂದದ್ದು ನನ್ನ ತಪ್ಪು ಎಂದರು ಚಿಕ್ಕಮ್ಮ. ಮೇಲುಗಡೆ ಮುಟ್ಟಬೇಡ, ಅದು ಹೊಳೀಲಿ ಎಂದು ಮಾವ ಅರ್ಜಿ ಮಡಚಿ ಜೇಬಿಗಿಟ್ಟುಕೊಂಡರು. ಚಿಕ್ಕಮ್ಮನ ಸ್ಕೂಟರಿನ ಹಿಂದೆ, ಎರಡೂ ಫೋಟೋ ಕಂಕುಳಲ್ಲಿಟ್ಟುಕೊಂಡು ಹತ್ತಿ ಕೂತರು. ವರ್ಷದ ಮಾತು ಬಾಕಿ ಇತ್ತಲ್ಲ, ಸಿಗ್ನಲ್ ಹಸಿರಾದರೂ ಸ್ಕೂಟರ್ ಕದಲಲಿಲ್ಲ. ಹಿಂದಿನವರ ಹಾರನ್ನು ಅವರಿಗೆ ವಾಲಗದಂತೆ ಕೇಳಿಸಿರಬೇಕು.

ಇಲ್ಲಿಗೆ ಶುಭಂ ಅಂತ ಹಾಕಬಹುದಿತ್ತು. ಆದರೆ ಹೊರಡುವ ಮುಂಚೆ ಚಿಕ್ಕಮ್ಮ ಒಂದು ಮಾತು ಕೇಳಿದ್ದರು: ಆ ಕಟ್ಟಡದ ಸುತ್ತ ಎಷ್ಟು ಸಲ ತಿರುಗಿದ್ದೇನೋ, ಇಂಥಾ ಕೋನ ನನಗೇ ಸಿಕ್ಕಿರಲಿಲ್ಲ, ಎಲ್ಲಿ ನಿಂತು ತೆಗೆದೆ? ನಾನು ಕಾಲರ್ ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಮಾವ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಪ್ಯಾಂಟು ಒಣಗ್ತಾ?"

ಅವರು ಬಾಗಿಲಿಗೆ ಬಂದದ್ದು ನನ್ನ ಕೂಗಿಗಂತೆ. ಇನ್ನು ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ? ಒಳ್ಳೆಯ ಕೋನ ಸಿಗಲಿ ಎಂದು ಆ ಜಾರುಗೋಡೆ ಹತ್ತಿದ್ದೆ. ಚಪ್ಪಲಿ ಕೈಕೊಟ್ಟಿತು. ಕೂಗಿಕೊಳ್ಳುತ್ತಾ ಒಂದು ಗಳಿಗೆ ತಗಡಿನ ಅಂಚಿಗೆ ಜೋತುಬಿದ್ದೆ. ಜಾರುವಾಗ ಬೆರಳು ಎಲ್ಲಿ ಒತ್ತಿತೋ ಗೊತ್ತಿಲ್ಲ, ಮರುಕ್ಷಣ ಕ್ಯಾಮೆರಾ, ಫೋನು, ನಾನು, ಮೂವರೂ ಕೊಳದಲ್ಲಿ. ಒಣಗಿಸಿದ ಕಾರ್ಡಿನಲ್ಲಿ ಇದ್ದದ್ದು ಅದೊಂದೇ ಫೋಟೋ. ಅದರಲ್ಲಿ ಕಟ್ಟಡ ಬೀಳುತ್ತಲೂ ಇಲ್ಲ, ಹಾರುತ್ತಲೂ ಇಲ್ಲ, ಪಾಪ, ನಿಂತಲ್ಲೇ ನಿಂತಿದೆ. ಮೊದಲು ಹಾರಿ ಆಮೇಲೆ ಬಿದ್ದವನು ನಾನು.