ಇಷ್ಟದ ತರಕಾರಿ ಯಾವುದು?

‘ನಿಮ್ಮ ಇಷ್ಟದ ತರಕಾರಿ ಯಾವುದು?’ ಎಂದು ಕಂಪ್ಯೂಟರ್ ಕೇಳಿತು. ಅವಳು ‘ಬೆಂಡೆಕಾಯಿ’ ಎಂದು ಒತ್ತಿದಳು. ಉತ್ತರ ತಪ್ಪು ಎಂದು ಕೆಂಪಕ್ಷರ ಬಂತು.

“ರೀ, ನನಗೇನಿಷ್ಟ ಅಂತ ನನಗೇ ಗೊತ್ತಿಲ್ವಂತೆ,” ಎಂದು ಗಂಡನನ್ನು ಕರೆದಳು.

ಗಂಡ ಉಗ್ರಾಣದ ಮೇಲ್ವಿಚಾರಕ. ಬೀಗ ಕಂಡರೆ ಒಂದು ಸಲ ಎಳೆದು ನೋಡದೆ ಮುಂದೆ ಹೋಗುವವನಲ್ಲ. ಮನೆಯವರೆಲ್ಲರ ಫೈಲುಗಳಿದ್ದ ಸರ್ವರ್ ಪೆಟ್ಟಿಗೆ ಇಷ್ಟು ದಿನ ಚಪ್ಪಲಿ ಗೂಡಿನ ಮೇಲೆ ತನ್ನ ಪಾಡಿಗೆ ಕೂತಿತ್ತು, ಯಾರು ಬೇಕಾದರೂ ಕೈ ಹಾಕಬಹುದಿತ್ತು. ಇವತ್ತು ಬೆಳಿಗ್ಗೆ ಎದ್ದವನೇ ಒಬ್ಬೊಬ್ಬರಿಗೆ ಒಂದೊಂದು ಖಾತೆ ತೆರೆದು ಒಂದೊಂದು ಪಾಸ್‌ವರ್ಡ್ ಕೊಟ್ಟ. ಅವಳದ್ದು ಹದಿನೆಂಟು ಅಕ್ಷರದ್ದು. ಚೀಟಿಯಲ್ಲಿ ಬರೆದು ತೋರಿಸಿದ, ಬರೆದಿಡುವುದು ಅಪಾಯವೆಂದು ಅವಳ ಕಣ್ಣೆದುರೇ ಹರಿದು ಹಾಕಿದ. ಮರೆತವರಿಗೆ ಮೂರು ಪ್ರಶ್ನೆ. ಹೆಂಡತಿಗೆ ತೊಂದರೆ ಬೇಡವೆಂದು ಅವಳ ಉತ್ತರಗಳನ್ನೂ ತಾನೇ ತುಂಬಿದ್ದ, ಪುಣ್ಯಾತ್ಮ.

“ಉತ್ತರ ಹೇಳಿಬಿಡಿ. ಹನ್ನೊಂದಕ್ಕೆ ಕಾರ್ಖಾನೆಲಿ ಕಟಿಂಗ್ ಮಾಸ್ಟರ್ ಬಟ್ಟೆ ಹರಡ್ತಾರೆ. ಅಷ್ಟರೊಳಗೆ ಇದರಲ್ಲಿರೋ ನನ್ನ ಕೋಟಿನ ಪ್ಯಾಟರ್ನ್ ಹೋಗದಿದ್ರೆ ಬೇರೆಯವರದ್ದು ಇಟ್ಟು ಕತ್ತರಿಸ್ತಾರೆ. ಎಂಟು ತಿಂಗಳು ಅಲೆದ ಮೇಲೆ ಸಿಕ್ಕಿದ ಮೊದಲ ಆರ್ಡರ್ ರೀ, ಮುನ್ನೂರು ಕೋಟು.”

“ನಾನೇ ಹೇಳಿಬಿಟ್ರೆ, ನೀನು ನೀನೇ ಅಂತ ಅದಕ್ಕೆ ಗೊತ್ತಾಗೋದು ಹೇಗೆ?”

“ಎದುರಿಗೇ ಕೂತಿದ್ದೀನಲ್ಲ, ನಿಮಗೆ ಗೊತ್ತಿಲ್ವಾ?”

“ನನಗೆ ಗೊತ್ತಿದ್ರೆ ಸಾಲದು, ಅದಕ್ಕೆ ಗೊತ್ತಾಗಬೇಕು.” ಅವನು ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿದ. “ಗಾಬರಿಯಾಗಬೇಡ. ನಿಧಾನಕ್ಕೆ ಯೋಚನೆ ಮಾಡು, ನಿನಗೇನಿಷ್ಟ ಅಂತ ನೆನಪಾಗುತ್ತೆ.”

ಅವಳು ಹೀರೇಕಾಯಿ ಹಾಕಿದಳು, ಕುಂಬಳಕಾಯಿ ಹಾಕಿದಳು. ಎರಡೂ ತಪ್ಪು. ಇನ್ನೊಂದೇ ಅವಕಾಶ, ಅದೂ ತಪ್ಪಿದರೆ ನಾಳೆಯವರೆಗೆ ಬಾಗಿಲು ಬಂದ್. ಗಡಿಯಾರ ಹತ್ತೂ ಐವತ್ತು ದಾಟಿತ್ತು. ಸ್ವಂತ ನಾಲಿಗೆಯ ರುಚಿಗೆ ಸ್ವಂತ ಮಾತಿನ ಸಾಕ್ಷಿಯೂ ನಡೆಯುವುದಿಲ್ಲವಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು, ಅಳುವೂ ಬಂತು.

ಒಣಗಿದ ಬಟ್ಟೆಯ ರಾಶಿ ಹೊತ್ತು ಬಂದ ಅತ್ತೆ ಸೊಸೆಯ ಮುಖ ನೋಡಿದರು. ಆಮೇಲೆ ಬಗ್ಗಿ ಕಂಪ್ಯೂಟರಿನ ಪ್ರಶ್ನೆ ಓದಿದರು.

“ಬದನೆಕಾಯಿ ಅಂತ ಹಾಕು.”

“ಅತ್ತೆ, ಬದನೆಕಾಯಿ ತಿಂದ್ರೆ ನನಗೆ ಬಾಯೆಲ್ಲ ತುರಿಸುತ್ತೆ.”

“ತಿನ್ನು ಅಂದ್ನಾ? ಹಾಕು ಅಂದೆ.”

ಹಾಕಿದಳು. ಸರಿ ಉತ್ತರ. ಇಷ್ಟದ ಬಣ್ಣ? “ಬೂದು,” ಎಂದರು ಅತ್ತೆ. ಸರಿ. ಬಿಡುವಿನಲ್ಲಿ ಇಷ್ಟದ ಕೆಲಸ? “ಬಟ್ಟೆ ಮಡಿಸೋದು.” ಅದೂ ಸರಿ. ಕಂಪ್ಯೂಟರ್ ಅವಳ ಹೆಸರು ಹಿಡಿದು ಸ್ವಾಗತ ಕೋರಿತು. ಅವಳು ಮೊದಲು ಪ್ಯಾಟರ್ನ್ ಕಳಿಸಿದಳು, ಆಮೇಲೆ ಉಸಿರು ಬಿಟ್ಟಳು. ಹನ್ನೊಂದಕ್ಕೆ ಎರಡು ನಿಮಿಷವಿತ್ತು.

ಗಂಡ ಕಕ್ಕಾಬಿಕ್ಕಿಯಾಗಿದ್ದ. ಬಿಸ್ಕತ್ತು ಮುರಿದು ಕಾಫಿಯ ಪಾಲಾಗಿತ್ತು. “ಅಮ್ಮ, ಇವಳ ಉತ್ತರ ನಿನಗೆ ಹೇಗೆ ಗೊತ್ತಾಯ್ತು?”

“ನನಗೂ ಇವೇ ಮೂರು ಇಷ್ಟ ಅಂತ ನಿಮ್ಮಪ್ಪ ಇರೋವರೆಗೂ ಊರಿಗೆಲ್ಲ ಹೇಳ್ಕೊಂಡು ಬಂದ್ರು ಕಣೋ,” ಎಂದರು ಅತ್ತೆ. “ಬದನೆಕಾಯಿ ವಾಸನೆ ಬಂದ್ರೆ ಇವತ್ತಿಗೂ ನನಗೆ ವಾಕರಿಕೆ.”

ಅವನು ಹೆಂಡತಿಯ ಮುಂದಿದ್ದ ಕೀಬೋರ್ಡ್ ತನ್ನ ಕಡೆ ಎಳೆದುಕೊಂಡ. “ಸರಿ, ಹೇಳು. ಎಲ್ಲಾ ಬದಲಾಯಿಸಿಬಿಡ್ತೀನಿ.”

ಅವಳು ಅದನ್ನು ವಾಪಸ್ ಎಳೆದುಕೊಂಡಳು. “ನಾನೇ ಹಾಕ್ಕೋತೀನಿ. ನೀವು ಸ್ವಲ್ಪ ಆ ಕಡೆ ತಿರುಗಿ.”

“ಏನು ಹಾಕ್ತೀಯ?”

“ನಿಜ ಹಾಕ್ತೀನಿ. ಈ ಮನೇಲಿ ಅದಕ್ಕಿಂತ ಗುಟ್ಟಾದ ಪಾಸ್‌ವರ್ಡ್ ಇನ್ಯಾವುದಿದೆ?”