ಅಜ್ಜನ ಒದ್ದೆ ಬೆನ್ನು

"ಅಜ್ಜಾ, ಗಾಳಿಗೆ ಅಡ್ಡ ನಿಂತ್ಕೋಬೇಡ!" ಮೊಮ್ಮಗಳು ಕಿರುಚಿದಳು. ಸ್ನಾನ ಮುಗಿಸಿ ಬಂದ ಅಜ್ಜ ಮೈ ಒರೆಸಿಕೊಳ್ಳದೆಯೇ ತಮ್ಮ ಟೇಬಲ್ ಫ್ಯಾನಿನ ಮುಂದೆ ನಿಂತಿದ್ದರು. ಬೆಳಿಗ್ಗೆಯಿಂದ ಆ ಫ್ಯಾನು ಆಕ್ಸೊಲಾಟಲ್ ಸಾಕಿದ ಗಾಜಿನ ತೊಟ್ಟಿಯ ಪಾಲಾಗಿತ್ತು. ತಲೆಯ ಎರಡೂ ಬದಿಗೆ ಗರಿಯಂಥ ಕಿವಿರುಗಳಿದ್ದ ಆ ಹಲ್ಲಿಯಾಕಾರದ ನೀರುಪ್ರಾಣಿಗೆ ಸೆಖೆ ಆಗಿಬರದು. "ಈ ಮನೇಲಿ ಹಲ್ಲಿಗಿರೋ ಮರ್ಯಾದೆ ನನಗಿಲ್ಲ," ಅಜ್ಜ ಗೊಣಗಿದರು.

ಹಲ್ಲಿಗೆ ಮರ್ಯಾದೆಯೇನೋ ಇತ್ತು, ಅದರಿಂದ ಪ್ರಯೋಜನವಿರಲಿಲ್ಲ. ಬಿಸಿಗಾಳಿ ಒಳಹೋಗದಿರಲೆಂದು ಅವಳು ಮುಚ್ಚಳ ಬಿಗಿಯಾಗಿ ಹಾಕಿ, ಬರೀ ಗಾಜಿಗೆ ಗಾಳಿ ಬಿಡುತ್ತಿದ್ದಳು. ನೀರು ಬೆಚ್ಚಗೇ ಇತ್ತು. ನಿನ್ನೆಯಿಂದ ಆ ಪ್ರಾಣಿ ಎರೆಹುಳು ಕೊಟ್ಟರೂ ಮುಖ ತಿರುಗಿಸುತ್ತಿತ್ತು.

"ಅಬ್ಬಬ್ಬಾ, ಚಳಿ!"

ಈ ಸೆಖೆಯಲ್ಲಿ ಚಳಿಯೇ? ಅವಳು ತಿರುಗಿ ನೋಡಿದಳು. ಅಜ್ಜನ ಒದ್ದೆ ಬೆನ್ನಿನ ರೋಮವೆಲ್ಲ ನಿಮಿರಿ ನಿಂತಿತ್ತು. ಒದ್ದೆಯ ಮೇಲೇ ಗಾಳಿ ಆಡಬೇಕು! ಅವಳು ಮುಚ್ಚಳ ಕಿತ್ತು, ತೊಟ್ಟಿಯ ಬಾಯಿಗೆ ಬಲೆ ಹೊದಿಸಿ, ಫ್ಯಾನಿನ ಕತ್ತನ್ನು ನೀರಿನ ಕಡೆ ಬಗ್ಗಿಸಿದಳು.

ಸಂಜೆಯ ಹೊತ್ತಿಗೆ ಥರ್ಮಾಮೀಟರಿನ ಕೆಂಪು ಗೆರೆ ಇಳಿದಿತ್ತು. ಅವಳು ಚಿಮಟದಲ್ಲಿ ಎರೆಹುಳು ಹಿಡಿದು ನೀರಿಗಿಳಿಸಿದಳು. ಗಬಕ್! ಅವಳು ಕುಣಿದಾಡಿಬಿಟ್ಟಳು. ಬೆವರಿನಲ್ಲಿ ತೊಯ್ದುಹೋಗಿದ್ದ ಅಜ್ಜನನ್ನು ಕಂಡು, ಫ್ಯಾನನ್ನು ಅವರತ್ತ ತಿರುಗಿಸಹೋದಳು.

"ಮುಟ್ಟಬೇಡ!" ಅಜ್ಜ ಗದರಿದರು. "ಮಗು ಊಟ ಮಾಡ್ತಿರೋವಾಗ ಯಾರಾದ್ರೂ ಫ್ಯಾನ್ ತಿರುಗಿಸ್ತಾರೇನೆ?"